ಮಗುವಿಗೆ ಎಷ್ಟು ಕೊಡಬೇಕು? ಚೀನೀ ಗಿಡಮೂಲಿಕೆ ಔಷಧದ ಲೇಬಲ್ಲು ಹೇಳದೆ ಬಿಟ್ಟಿದ್ದು

ಚೀನಾದ ಔಷಧ ಅಂಗಡಿಯಲ್ಲಿ ಸಿಗುವ ಸಾಂಪ್ರದಾಯಿಕ ಔಷಧದ ಡಬ್ಬಿ ತೆರೆದು ಒಳಗಿನ ಚೀಟಿ ಓದಿದರೆ, 'ಅಡ್ಡಪರಿಣಾಮಗಳು' ಎಂಬ ಸಾಲಿನ ಮುಂದೆ ಬಹಳ ಸಲ 'ಇನ್ನೂ ಸ್ಪಷ್ಟವಾಗಿಲ್ಲ' ಎಂದಷ್ಟೇ ಇರುತ್ತದೆ. ಯಾರು ತೆಗೆದುಕೊಳ್ಳಬಾರದು ಎಂಬ ಸಾಲಿನ ಮುಂದೆಯೂ ಹಲವು ಸಲ ಅದೇ ಉತ್ತರ. ಮಕ್ಕಳಿಗೆ ಎಷ್ಟು ಎಂದು ಹುಡುಕಿದರೆ 'ಮಕ್ಕಳಿಗೆ ಸೂಕ್ತವಾಗಿ ಕಡಿಮೆ ಮಾಡಿ' ಎಂಬ ಮಾತು ಸಿಗುತ್ತದೆ. ಎಷ್ಟು ಕಡಿಮೆ ಮಾಡಬೇಕು, ಆರು ತಿಂಗಳ ಕೂಸಿಗೆಷ್ಟು, ಆರು ವರ್ಷದ ಹುಡುಗಿಗೆಷ್ಟು ಎಂಬುದನ್ನು ತಾಯಿಯೋ ಅಜ್ಜಿಯೋ ಅಂಗಡಿಯವನೋ ಊಹಿಸಿಕೊಳ್ಳಬೇಕು.

ಈ ಖಾಲಿ ಸಾಲುಗಳಿಗೆ ಚೀನಾದ ಔಷಧ ನಿಯಂತ್ರಣ ಆಡಳಿತವೇ ಗಡುವು ಹಾಕಿದೆ. 2023ರ ಜುಲೈ 1ರಂದು ಅಲ್ಲಿ ಜಾರಿಗೆ ಬಂದ ಸಾಂಪ್ರದಾಯಿಕ ಔಷಧಗಳ ನೋಂದಣಿ ನಿಯಮ ಹೇಳುವುದು ಇಷ್ಟು: ಮೂರು ವರ್ಷ ಕಳೆದ ಮೇಲೂ ಯಾವ ಔಷಧದ ಚೀಟಿಯಲ್ಲಿ ನಿಷಿದ್ಧತೆ, ಅಡ್ಡಪರಿಣಾಮ, ಎಚ್ಚರಿಕೆ ಈ ಮೂರರಲ್ಲಿ ಒಂದಾದರೂ 'ಇನ್ನೂ ಸ್ಪಷ್ಟವಾಗಿಲ್ಲ' ಎಂದೇ ಉಳಿದಿರುತ್ತದೋ ಅದಕ್ಕೆ ಮರುನೋಂದಣಿ ಸಿಗುವುದಿಲ್ಲ. ಅಂದರೆ ಗಡುವು 2026ರ ಜುಲೈ. ತನ್ನ ಪರಂಪರೆಯ ವೈದ್ಯವನ್ನು ಜಗತ್ತಿಗೆಲ್ಲ ಒಯ್ಯಲು ಹೊರಟಿರುವ ದೇಶ ತಾನೇ ಮುಂದಾಗಿ ಇಂಥ ನಿಯಮ ಮಾಡಿದೆ. ಹೊರಗಿನವರು ಮಾಡಿದ ಟೀಕೆಗಿಂತ ಇದಕ್ಕೆ ಹೆಚ್ಚು ತೂಕವಿದೆ ಎಂದು ನನಗನ್ನಿಸುತ್ತದೆ.

'ಚೀನೀ ಗಿಡಮೂಲಿಕೆ ಮಕ್ಕಳಿಗೆ ಒಳ್ಳೆಯದೋ ಕೆಟ್ಟದ್ದೋ' ಎಂದು ಕೇಳುವವರಿಗೆ ನನ್ನ ಉತ್ತರ ಈ ಖಾಲಿ ಸಾಲುಗಳಿಂದಲೇ ಶುರುವಾಗುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ಮಕ್ಕಳಿಗೆ ಹಾನಿಯಾದ ದಾಖಲಿತ ಪ್ರಕರಣಗಳನ್ನು ಒಂದೊಂದಾಗಿ ನೋಡಿದರೆ, ಗಿಡದ ಗುಣಕ್ಕಿಂತ ಹೆಚ್ಚಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಇಲ್ಲದಿರುವುದೇ ಮಕ್ಕಳನ್ನು ಕಾಡಿದೆ. ಪೊಟ್ಟಣದೊಳಗೆ ನಿಜವಾಗಿ ಏನಿದೆ, ಎಷ್ಟಿದೆ, ಈ ವಯಸ್ಸಿನ ಈ ತೂಕದ ಮಗುವಿನ ದೇಹ ಅದನ್ನು ಏನು ಮಾಡುತ್ತದೆ?

ಮೂರನೆಯ ಪ್ರಶ್ನೆಯಿಂದ ಶುರು ಮಾಡೋಣ. ಅದಕ್ಕೆ ಸಿಂಗಪುರದ ಕಥೆಗಿಂತ ಒಳ್ಳೆಯ ಪಾಠ ಇಲ್ಲ.

ದಕ್ಷಿಣ ಚೀನಾದಿಂದ ಬಂದು ಸಿಂಗಪುರ, ಹಾಂಗ್‌ಕಾಂಗ್, ಮಲೇಷ್ಯಾಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಹುಟ್ಟಿದ ಕೂಸಿಗೆ ಹುಆಂಗ್‌ಲಿಯಾನ್ ಎಂಬ ಕಹಿ ಬೇರಿನ ನೀರನ್ನು ಕುಡಿಸುವ ರೂಢಿಯಿತ್ತು. ಗರ್ಭದಿಂದ ಬಂದ 'ಉಷ್ಣ' ಮತ್ತು 'ನಂಜು' ಇಳಿಯುತ್ತದೆ ಎಂಬ ನಂಬಿಕೆ. ಸಸ್ಯಶಾಸ್ತ್ರದಲ್ಲಿ ಇದು ಕಾಪ್ಟಿಸ್. ಇದರ ಹಳದಿ ಬಣ್ಣಕ್ಕೂ ಕಹಿಗೂ ಕಾರಣ ಬರ್ಬೆರಿನ್ ಎಂಬ ರಾಸಾಯನಿಕ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿ ಇರುವುದೂ ಅದೇ ಬರ್ಬೆರಿನ್.

ಅದೇ ಕಾಲದಲ್ಲಿ ಸಿಂಗಪುರದ ಮಕ್ಕಳ ವಾರ್ಡುಗಳಲ್ಲಿ ನವಜಾತ ಶಿಶುಗಳು ತೀವ್ರ ಕಾಮಾಲೆಯಿಂದ ಸಾಯುತ್ತಿದ್ದವು, ಬದುಕಿದವು ಮಿದುಳಿನ ಶಾಶ್ವತ ಹಾನಿಯೊಂದಿಗೆ ಮನೆಗೆ ಹೋಗುತ್ತಿದ್ದವು. ಮಕ್ಕಳ ತಜ್ಞ ವಾಂಗ್ ಹಾಕ್ ಬೂನ್ ಇದರ ಹಿಂದೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವುದನ್ನು ಗುರುತಿಸಿದರು. ಈ ಕೊರತೆ ಇರುವ ಮಕ್ಕಳ ಕೆಂಪು ರಕ್ತಕಣಗಳು ಕೆಲವು ರಾಸಾಯನಿಕಗಳು ತಾಗಿದರೆ ಒಡೆದುಹೋಗುತ್ತವೆ. ಬಟ್ಟೆಯ ಪೆಟ್ಟಿಗೆಗೆ ಹಾಕುವ ನ್ಯಾಫ್ತಲೀನ್ ಗುಳಿಗೆಯ ವಾಸನೆಯೂ ಅಂಥದ್ದೊಂದು. 1965ರಿಂದ ಸಿಂಗಪುರ ಹುಟ್ಟಿದ ಪ್ರತಿ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ಕೊರತೆಯನ್ನು ಪರೀಕ್ಷಿಸಲು ಆರಂಭಿಸಿತು. 1978ರಲ್ಲಿ ಬರ್ಬೆರಿನ್ ಇರುವ ಮೂಲಿಕೆಗಳನ್ನು ನಿಷೇಧಿಸಿತು.

ಮುಂದಿನ ಸಂಶೋಧನೆ ಈ ಕಥೆಯನ್ನು ಇನ್ನಷ್ಟು ಆಳಕ್ಕೆ ಒಯ್ದಿತು. ಕಾಮಾಲೆಯಲ್ಲಿ ಮೈ ಹಳದಿಯಾಗುವುದು, ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವಿನಿಂದ. ಅದು ರಕ್ತದ ಆಲ್ಬ್ಯುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವವರೆಗೆ ಮಿದುಳಿಗೆ ನುಗ್ಗಲಾರದು. ದೊಡ್ಡವರ ಯಕೃತ್ತು ಅದನ್ನು ಪಟಪಟನೆ ಸಂಸ್ಕರಿಸಿ ಹೊರಹಾಕುತ್ತದೆ. ನಾಲ್ಕು ದಿನದ ಕೂಸಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಂಗ್‌ಕಾಂಗ್‌ನ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರ್ಬೆರಿನ್ ಈ ಆಲ್ಬ್ಯುಮಿನ್ ಮೇಲೆ ತಾನು ಕುಳಿತು ಬಿಲಿರುಬಿನ್ ಅನ್ನು ಕೆಳಗೆ ತಳ್ಳುತ್ತದೆ ಎಂದು ಕಂಡುಬಂತು. ಹಾಗೆ ಬಿಡುಗಡೆಯಾದ ಬಿಲಿರುಬಿನ್ ಮಿದುಳಿನೊಳಗೆ ಇಳಿಯಬಲ್ಲದು. ಇದರಲ್ಲಿ ಭಯಾನಕವಾದದ್ದೆಂದರೆ, ಆ ಹೊತ್ತಿನಲ್ಲಿ ರಕ್ತಪರೀಕ್ಷೆ ಮಾಡಿದರೆ ಒಟ್ಟು ಬಿಲಿರುಬಿನ್ ಅಂಕಿ ಅಷ್ಟೇನೂ ಏರಿರಬೇಕಾಗಿಲ್ಲ. ಮಗುವಿನ ಬಣ್ಣ ನೋಡಿ 'ಪರವಾಗಿಲ್ಲ' ಎನ್ನುವಾಗಲೇ ಒಳಗೆ ಅನಾಹುತ ನಡೆಯುತ್ತಿರಬಹುದು.

ಸಿಂಗಪುರ ಆ ನಿಷೇಧವನ್ನು ಶಾಶ್ವತವಾಗಿ ಉಳಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಪುರಾವೆಗಳನ್ನು ಮರುಪರಿಶೀಲಿಸಿ 2013ರಿಂದ ಬರ್ಬೆರಿನ್ ಇರುವ ಸಿದ್ಧ ಚೀನೀ ಔಷಧಗಳಿಗೆ, ಅನಂತರ ಮೂಲಿಕೆಗಳಿಗೂ ಅವಕಾಶ ಕೊಟ್ಟಿತು. ದೊಡ್ಡವರ ಹೊಟ್ಟೆಯ ಸೋಂಕಿಗೆ ತೆಗೆದುಕೊಂಡರೆ ಅದು ಸಾಮಾನ್ಯವಾಗಿ ಅಪಾಯಕಾರಿಯಲ್ಲ ಎಂಬುದು ಸ್ಪಷ್ಟವಾಗಿತ್ತು. ಆದರೆ ಶಿಶುಗಳು, ಗರ್ಭಿಣಿಯರು, ಜಿ6ಪಿಡಿ ಕೊರತೆ ಇರುವವರ ಬಗ್ಗೆ ಎಚ್ಚರಿಕೆ ಲೇಬಲ್ಲಿನಲ್ಲಿ ಇರಲೇಬೇಕೆಂದು ವಿಧಿಸಿತು. ಅದೇ ಬೇರು, ಅದೇ ರಾಸಾಯನಿಕ. ಐವತ್ತು ಕಿಲೋ ತೂಗುವ ಮಹಿಳೆಗೆ ಹೊಟ್ಟೆಯ ಔಷಧ, ಮೂರು ಕಿಲೋದ ಕೂಸಿಗೆ ಮಿದುಳಿನ ಅಪಾಯ. ಭಾರತದಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ಕಡ್ಡಾಯವಾದ ಜಿ6ಪಿಡಿ ತಪಾಸಣೆ ಇಂದಿಗೂ ಇಲ್ಲ. ಹೀಗಾಗಿ ಸಿಂಗಪುರದಲ್ಲೋ ಮಲೇಷ್ಯಾದಲ್ಲೋ ಇರುವ ನಮ್ಮವರು ನೆರೆಮನೆಯವರು ಪ್ರೀತಿಯಿಂದ ಕೊಟ್ಟ ಮೂಲಿಕೆಯ ನೀರನ್ನು ಹಸುಗೂಸಿಗೆ ಕುಡಿಸುವ ಮುನ್ನ ಈ ಒಂದು ರಕ್ತಪರೀಕ್ಷೆಯ ಫಲಿತಾಂಶ ಕೇಳಿಕೊಳ್ಳುವುದು ಒಳ್ಳೆಯದು.

ಮಕ್ಕಳನ್ನು ದೊಡ್ಡವರ ಸಣ್ಣ ರೂಪವೆಂದು ಎಣಿಸಿ ಎಡವಿದ್ದು ಚೀನೀ ವೈದ್ಯ ಮಾತ್ರವಲ್ಲ. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಅನ್ನು ನವಜಾತ ಶಿಶುಗಳಿಗೆ ಕೊಟ್ಟಾಗ ಅವು ಬೂದುಬಣ್ಣಕ್ಕೆ ತಿರುಗಿ ಸಾಯುತ್ತಿದ್ದುದು 1959ರಲ್ಲಿ ವೈದ್ಯ ಲೋಕದ ಗಮನಕ್ಕೆ ಬಂತು. ಕಾರಣ ಅದೇ: ಔಷಧವನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವ ಇನ್ನೂ ಕೆಲಸ ಶುರು ಮಾಡಿರಲಿಲ್ಲ. ಎರಡು ವರ್ಷದ ಹೊತ್ತಿಗೆ ಲೆಕ್ಕ ತಿರುಗುಮುರುಗಾಗುತ್ತದೆ. ಕಿಲೋ ತೂಕಕ್ಕೆ ಹೋಲಿಸಿದರೆ ಆ ವಯಸ್ಸಿನ ಮಗು ಹಲವು ಔಷಧಗಳನ್ನು ದೊಡ್ಡವರಿಗಿಂತ ವೇಗವಾಗಿ ಕರಗಿಸುತ್ತದೆ. ಆದ್ದರಿಂದ 'ದೊಡ್ಡವರ ಅರ್ಧ, ಕಾಲು' ಎಂಬ ಅಂದಾಜು ಎರಡೂ ಕಡೆ ತಪ್ಪಬಹುದು. ಆಧುನಿಕ ಔಷಧಶಾಸ್ತ್ರ ಆ ಸಾವುಗಳಿಂದ ಕಲಿತು ಮಕ್ಕಳ ಪ್ರಮಾಣವನ್ನು ಬೇರೆಯಾಗಿ ಅಳೆಯುವ ಪದ್ಧತಿ ತಂದಿತು. 'ಸೂಕ್ತವಾಗಿ ಕಡಿಮೆ ಮಾಡಿ' ಎಂಬ ಸಾಲು ಆ ಕಲಿಕೆಯ ಹಿಂದೆಯೇ ನಿಂತಿದೆ.

ಇನ್ನು 'ಪೊಟ್ಟಣದೊಳಗೆ ಏನಿದೆ' ಎಂಬ ಮೊದಲ ಪ್ರಶ್ನೆ. ಇದಕ್ಕೆ ಮಕ್ಕಳ ಇಸುಬಿನ ಕಥೆ ಹೇಳಬೇಕು. ಈ ಕಥೆಯಲ್ಲಿ ಭರವಸೆಯೂ ಇದೆ, ಮೋಸವೂ ಇದೆ, ಎರಡೂ ಒಂದೇ ಊರಲ್ಲಿ ನಡೆದವು.

1980ರ ದಶಕದ ಕೊನೆಗೆ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಚರ್ಮವೈದ್ಯರು ಒಂದು ವಿಚಿತ್ರ ಕಂಡರು. ವರ್ಷಗಟ್ಟಲೆ ಮೈ ಕೆರೆದುಕೊಂಡು ರಾತ್ರಿ ನಿದ್ದೆಯಿಲ್ಲದೆ ನರಳುತ್ತಿದ್ದ ಕೆಲವು ಮಕ್ಕಳು ಸುಧಾರಿಸಿಕೊಂಡು ಬರುತ್ತಿದ್ದರು. ಕೇಳಿದರೆ, ಸೋಹೋ ಪ್ರದೇಶದ ಚೀನೀ ವೈದ್ಯೆಯೊಬ್ಬರು ಕೊಟ್ಟ ಕಷಾಯ ಕುಡಿಯುತ್ತಿದ್ದೇವೆ ಎಂದರು. ವೈದ್ಯರು ಅದನ್ನು ನಕ್ಕು ತಳ್ಳಿಹಾಕಲಿಲ್ಲ. ಹತ್ತು ಮೂಲಿಕೆಗಳ ಆ ಮಿಶ್ರಣವನ್ನು ಒಂದೇ ಸಮನಾದ ಪೊಟ್ಟಣಗಳಾಗಿ ಮಾಡಿಸಿ, ರುಚಿಯಲ್ಲಿ ಅದನ್ನೇ ಹೋಲುವ ಆದರೆ ಇಸುಬಿಗೆ ಸಂಬಂಧಿಸದ ಬೇರೆ ಮೂಲಿಕೆಗಳ ಕಷಾಯದೊಂದಿಗೆ ಹೋಲಿಸಿ, ಯಾವುದು ಯಾವುದೆಂದು ಯಾರಿಗೂ ಗೊತ್ತಾಗದಂತೆ ಪ್ರಯೋಗ ಮಾಡಿದರು. 1992ರಲ್ಲಿ ಪ್ರಕಟವಾದ ಫಲಿತಾಂಶ ಕಷಾಯದ ಪರವಾಗಿಯೇ ಇತ್ತು. ಪ್ರಯೋಗ ಮುಗಿಸಿದ 37 ಮಕ್ಕಳಲ್ಲಿ ನಿಜವಾದ ಕಷಾಯ ಕುಡಿದ ಅವಧಿಯಲ್ಲಿ ಚರ್ಮದ ಕೆಂಪು ಸುಮಾರು ಅರ್ಧಕ್ಕಿಳಿಯಿತು. ತೋರಿಕೆಯ ಕಷಾಯದಲ್ಲಿ ಅಷ್ಟೇನೂ ಬದಲಾವಣೆ ಇರಲಿಲ್ಲ. ವರ್ಷಪೂರ್ತಿ ಮುಂದುವರಿಸಿದಾಗ ಇಬ್ಬರು ಮಕ್ಕಳ ರಕ್ತದಲ್ಲಿ ಯಕೃತ್ತಿನ ಕಿಣ್ವ ಏರಿದ್ದು ಕಂಡಿತು. ಮಕ್ಕಳ ರಕ್ತವನ್ನು ನಿಯಮಿತವಾಗಿ ಪರೀಕ್ಷಿಸುತ್ತಿದ್ದರಿಂದ ಅದು ಗೊತ್ತಾಯಿತು. ಹೊರಗೆ ಕಷಾಯ ಕೊಂಡು ಕುಡಿಸುವ ಮನೆಯಲ್ಲಿ ಅಂಥ ಪರೀಕ್ಷೆ ಯಾರು ಮಾಡಿಸುತ್ತಾರೆ?

ಆ ಪ್ರಯೋಗದ ಸುದ್ದಿ ಹರಡಿ ಚೀನೀ ಮೂಲಿಕೆಯ ಕ್ರೀಮುಗಳಿಗೂ ಬೇಡಿಕೆ ಬಂತು. ಇಸುಬಿರುವ ಮಗುವಿನ ತಾಯಂದಿರಿಗೆ ಸ್ಟೆರಾಯ್ಡ್ ಮುಲಾಮು ಎಂದರೆ ಭಯ. ಆ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. 'ಸ್ಟೆರಾಯ್ಡ್ ಇಲ್ಲ, ಶುದ್ಧ ಮೂಲಿಕೆ' ಎಂದು ಕೊಟ್ಟ ಕ್ರೀಮು ನಾಲ್ಕು ದಿನದಲ್ಲಿ ಮಗುವಿನ ಚರ್ಮವನ್ನು ಹೂವಿನಂತೆ ಮಾಡಿತು. ಲಂಡನ್ನಿನ ಇನ್ನೊಂದು ಆಸ್ಪತ್ರೆಯ ವೈದ್ಯರಿಗೆ ಅನುಮಾನ ಬಂದು ಚೀನೀ ಮೂಲಿಕೆಯದೆಂದು ಕೊಟ್ಟಿದ್ದ 11 ಕ್ರೀಮುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು: 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇತ್ತು. 2003ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಕ್ಕಳ ಇಸುಬಿಗೆ ಹಚ್ಚುತ್ತಿದ್ದ 24 ಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದಾಗ 20ರಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಅವುಗಳಲ್ಲಿ ಹಲವು ಅತಿ ತೀಕ್ಷ್ಣವಾದ ಕ್ಲೋಬೆಟಾಸಾಲ್. ಆ ಕ್ರೀಮು ಹಚ್ಚಿಸಿಕೊಳ್ಳುತ್ತಿದ್ದವರಲ್ಲಿ ಒಂದು ವರ್ಷವೂ ತುಂಬದ ಕೂಸುಗಳಿದ್ದವು.

ಇದರಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಆ ತಾಯಂದಿರ ಸ್ಥಿತಿ. ವೈದ್ಯರು ಅಳೆದು ಬರೆದುಕೊಟ್ಟ ಸೌಮ್ಯ ಸ್ಟೆರಾಯ್ಡನ್ನು ಮಗುವಿನ ಒಳ್ಳೆಯದಕ್ಕಾಗಿ ಬೇಡವೆಂದರು. ತಮಗೇ ಗೊತ್ತಿಲ್ಲದೆ ಅದಕ್ಕಿಂತ ಹಲವು ಪಟ್ಟು ಬಲವಾದದ್ದನ್ನು ದಿನಕ್ಕೆ ಎರಡು ಸಲ, ಅತಿ ತೆಳುವಾದ ಮುಖದ ಚರ್ಮಕ್ಕೆ, ತಿಂಗಳುಗಟ್ಟಲೆ ಹಚ್ಚಿದರು. ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಬಹಳ ಹೆಚ್ಚು. ಹಚ್ಚಿದ್ದು ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ, ಮುಖ ಊದುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಆಮೇಲೆ ಗಾಬರಿಯಿಂದ ಕ್ರೀಮನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಏಕೆಂದರೆ ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಅಷ್ಟರಲ್ಲಿ ಮರೆತಿರುತ್ತದೆ.

ಇದು ವಲಸೆ ಹೋದವರ ಬೀದಿಯಂಗಡಿಗಳಿಗೆ ಸೀಮಿತವಾದ ಹಳೆಯ ಸಂಗತಿಯೂ ಅಲ್ಲ. 2021ರ ಜನವರಿಯಲ್ಲಿ ಚೀನಾದಲ್ಲೇ ಐದು ತಿಂಗಳ ಕೂಸೊಂದರ ಊದಿದ ಮುಖದ ಚಿತ್ರ ದೇಶವನ್ನೇ ಕಂಗೆಡಿಸಿತು. ಫುಜಿಯಾನ್ ಪ್ರಾಂತದ ಝಾಂಗ್‌ಝೌ ನಗರದ ಕಂಪನಿಯೊಂದು ಮಕ್ಕಳಿಗೆಂದು ತಯಾರಿಸಿದ್ದ ಎರಡು ಕ್ರೀಮುಗಳಲ್ಲಿ ಲೇಬಲ್ಲಿನಲ್ಲಿ ಎಲ್ಲೂ ಇಲ್ಲದ ಕ್ಲೋಬೆಟಾಸಾಲ್ ಇರುವುದನ್ನು ನಗರದ ಆಡಳಿತ ದೃಢಪಡಿಸಿತು. ಅವು ಔಷಧವೆಂದು ನೋಂದಣಿಯಾಗಿರಲೇ ಇಲ್ಲ. ಸೂಕ್ಷ್ಮಾಣು ತಡೆಯುವ ಕ್ರೀಮು ಎಂಬ ಸಡಿಲ ವರ್ಗದಲ್ಲಿದ್ದವು. ಔಷಧಕ್ಕೆ ಬೇಕಾದ ಪರೀಕ್ಷೆ ಆ ವರ್ಗಕ್ಕೆ ಬೇಕಿಲ್ಲ.

ಬೆರಕೆಯಲ್ಲಿ ಮೋಸ ಮಾಡುವ ಮನಸ್ಸು ಇರುತ್ತದೆ. ಒಂದು ಗಿಡದ ಜಾಗಕ್ಕೆ ಇನ್ನೊಂದು ಬಂದು ಸೇರುವುದಕ್ಕೆ ಅದೂ ಬೇಕಿಲ್ಲ. ಚಕ್ರಮೊಗ್ಗು ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲೂ ಇದೆ. ಇದು ಚೀನೀ ಮೂಲದ ಮರದ ಕಾಯಿ. ಹೊಟ್ಟೆನೋವಿಗೆ ಇದರ ಕಷಾಯವನ್ನು ಕೂಸುಗಳಿಗೆ ಕುಡಿಸುವ ರೂಢಿ ಚೀನಾದಿಂದಾಚೆ ಲ್ಯಾಟಿನ್ ಅಮೆರಿಕದ ಮನೆಗಳವರೆಗೂ ಹಬ್ಬಿತ್ತು. ಇದರದೇ ಜಾತಿಯ ಜಪಾನಿ ಮರದ ಕಾಯಿಯಲ್ಲಿ ಅನಿಸಾಟಿನ್ ಎಂಬ ನರವಿಷವಿದೆ. ಒಣಗಿದ ಮೇಲೆ ಎರಡನ್ನೂ ಕಣ್ಣಿನಿಂದ ಬೇರೆ ಮಾಡುವುದು ಅಸಾಧ್ಯವೆಂದೇ ಹೇಳಬೇಕು. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಚಕ್ರಮೊಗ್ಗಿನ ಚಹಾ ಕುಡಿಸಬೇಡಿ ಎಂದು ಎಚ್ಚರಿಕೆ ಕೊಟ್ಟಿತು. ಆ ಹೊತ್ತಿಗೆ ಸುಮಾರು 40 ಮಂದಿ ಅಸ್ವಸ್ಥರಾಗಿದ್ದರು, ಅವರಲ್ಲಿ 15 ಕೂಸುಗಳು. ಮರುವರ್ಷ ಮಯಾಮಿಯ ವೈದ್ಯರು ಇಂಥದೇ ಏಳು ಕೂಸುಗಳ ವಿವರ ಪ್ರಕಟಿಸಿದರು: ತಡೆಯಿಲ್ಲದ ಅಳು, ನಡುಕ, ವಾಂತಿ, ಕೆಲವಕ್ಕೆ ಫಿಟ್ಸ್. ಇಡೀ ಕುಟುಂಬದ ಪಲಾವಿಗೆ ಬೀಳುವ ಒಂದು ಮೊಗ್ಗಿಗೂ, ನಾಲ್ಕು ಕಿಲೋದ ಕೂಸಿನ ಬಾಟಲಿಗೆ ಸೇರುವ ಗಟ್ಟಿ ಕಷಾಯಕ್ಕೂ ಇರುವ ಅಂತರವನ್ನು ಯೋಚಿಸಿ.

ಜಿನ್ ಬು ಹುವಾನ್ ಎಂಬ ಮಾತ್ರೆಯ ಪ್ರಕರಣ ಇನ್ನೂ ವಿಚಿತ್ರ. 1993ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಮೂವರು ಪುಟ್ಟ ಮಕ್ಕಳು ಮನೆಯಲ್ಲಿದ್ದ ಈ ನೋವಿನ ಮಾತ್ರೆಗಳನ್ನು ನುಂಗಿದರು. ಹೃದಯದ ಬಡಿತ ಅಪಾಯದ ಮಟ್ಟಕ್ಕೆ ಕುಸಿಯಿತು, ಉಸಿರಾಟ ಮಂದವಾಯಿತು. ಪುಣ್ಯಕ್ಕೆ ಮೂವರೂ ಉಳಿದರು. ಲೇಬಲ್ಲಿನಲ್ಲಿ ಪಾಲಿಗಾಲಾ ಎಂಬ ಗಿಡದ ಹೆಸರಿತ್ತು. ಪರೀಕ್ಷಿಸಿದರೆ ಮಾತ್ರೆಯ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸ್ಟೆಫಾನಿಯಾ ಎಂಬ ಬೇರೆಯೇ ಜಾತಿಯ ಗಿಡಗಳಲ್ಲಿ ಸಿಗುವ ಪ್ರಬಲ ರಾಸಾಯನಿಕವಾಗಿತ್ತು. ಅದು ಇನ್ನು 'ಮೂಲಿಕೆ' ಆಗಿರಲಿಲ್ಲ, ಸಾಂದ್ರಗೊಳಿಸಿದ ಔಷಧವಾಗಿತ್ತು. ಅಷ್ಟಾದರೂ ಮಕ್ಕಳ ಕೈಯಿಂದ ತೆರೆಯಲಾಗದಂಥ ಮುಚ್ಚಳವೂ ಅದಕ್ಕಿರಲಿಲ್ಲ. ಲೇಬಲ್ಲು ನಂಬಿ ಚಿಕಿತ್ಸೆಗೆ ಹೊರಟ ತುರ್ತು ವಿಭಾಗದ ವೈದ್ಯರು ಯಾವ ವಿಷವೆಂದು ಹುಡುಕಬೇಕು?

ಗಿಡದ ಗುರುತು ತಪ್ಪಿ ಆದ ಅನಾಹುತಗಳಲ್ಲಿ ಅತಿ ದೊಡ್ಡದು 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ನಡೆಯಿತು. ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಒಂದು ಚೀನೀ ಮೂಲಿಕೆಯ ಬದಲು ಹೆಸರಿನಲ್ಲಿ ಹತ್ತಿರವಿರುವ ಅರಿಸ್ಟೊಲೋಕಿಯಾ ಬೆರೆತು ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು. ಅವರು ವಯಸ್ಕರು. ಆದರೆ ಆ ಗಿಡದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ವಂಶವಾಹಿಯಲ್ಲಿ ಮಾಡುವ ಗಾಯ ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳುತ್ತದೆ. 2017ರ ಅಧ್ಯಯನವೊಂದರಲ್ಲಿ ತೈವಾನಿನ 98 ಯಕೃತ್ ಕ್ಯಾನ್ಸರ್ ಗಡ್ಡೆಗಳಲ್ಲಿ ಶೇಕಡಾ 78ರಲ್ಲಿ ಆ ಆಮ್ಲದ ಗುರುತು ಸಿಕ್ಕಿತು. ಇಂಥದ್ದು ಮಗುವಿನ ದೇಹ ಸೇರಿದರೆ ಕಾಯಿಲೆಗೆ ಮುಂದೆ ಐವತ್ತು ಅರವತ್ತು ವರ್ಷಗಳ ಕಾಲಾವಕಾಶ ಇರುತ್ತದೆ.

ಲೋಹಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಳುವ ಕೂಸನ್ನು ಸುಮ್ಮನಾಗಿಸಲು ಕೊಡುವ ಬಾ ಬಾವ್ ಸಾನ್ ಎಂಬ ಚೀನೀ ಪುಡಿಯನ್ನು ಸೀಸ ಇರುವ ಔಷಧಗಳ ಪಟ್ಟಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸೇರಿಸಿದೆ. ಬೆಚ್ಚಿಬೀಳುವ, ಜ್ವರದಲ್ಲಿ ಸೆಳೆತ ಬರುವ ಮಕ್ಕಳ ಕೆಲವು ಹಳೆಯ ಚೀನೀ ಯೋಗಗಳಲ್ಲಿ ಇಂಗಳೀಕ, ಅಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ, ಇಂದಿಗೂ ಅಧಿಕೃತ ಘಟಕ. ಅದು ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ದೇಹಕ್ಕೆ ಸೇರುವುದು ಅಲ್ಪ ಎಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಬೆಳೆಯುತ್ತಿರುವ ಮಿದುಳಿಗೆ ಸೀಸದ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ಪಾದರಸದ ವಿಷಯದಲ್ಲಿ 'ಅಲ್ಪ'ದ ಮೇಲೆ ಮಗುವನ್ನು ಪಣಕ್ಕಿಡುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಚೀನಾದ ಒಳಗೆ ಮಕ್ಕಳಿಗೆ ಸಂಬಂಧಿಸಿ ಅತಿ ಗಂಭೀರವಾದ ಕ್ರಮಗಳು ಬಂದಿದ್ದು ಮೂಲಿಕೆಯ ಇಂಜೆಕ್ಷನ್ನುಗಳ ಮೇಲೆ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಮೂಲಿಕೆಯ ಸಾರವನ್ನು ಸೂಜಿಯ ಮೂಲಕ ಮೈಗೆ ಹಾಕುವ ಪದ್ಧತಿ ಪ್ರಾಚೀನವಾದದ್ದಲ್ಲ. ಜಪಾನ್ ವಿರುದ್ಧದ ಯುದ್ಧದ ದಿನಗಳಲ್ಲಿ ಔಷಧದ ಅಭಾವವಿದ್ದಾಗ ಸೈನಿಕರ ಜ್ವರಕ್ಕೆ ಚೈಹು ಎಂಬ ಗಿಡದಿಂದ ಮಾಡಿದ ಇಂಜೆಕ್ಷನ್ ಇವುಗಳಲ್ಲಿ ಮೊದಲನೆಯದು. ನುಂಗಿದ್ದನ್ನು ಹೊಟ್ಟೆ, ಕರುಳು, ಯಕೃತ್ತು ಸೋಸುತ್ತವೆ. ಸೂಜಿಯಿಂದ ಹೋದದ್ದಕ್ಕೆ ಆ ಕಾವಲು ಇಲ್ಲ. 2006ರಲ್ಲಿ ಯೂಶಿಂಗ್‌ಛಾವೊ ಎಂಬ ಮೂಲಿಕೆಯ ಇಂಜೆಕ್ಷನ್ನುಗಳಿಂದ ತೀವ್ರ ಅಲರ್ಜಿ ಮತ್ತು ಸಾವುಗಳಾಗಿ ಸರ್ಕಾರ ಅವನ್ನು ತಡೆಹಿಡಿಯಿತು. 2008ರಲ್ಲಿ ಶಾನ್‌ಶಿ ಪ್ರಾಂತದ ಝಿದಾನ್ ಎಂಬಲ್ಲಿ ಕಾಮಾಲೆಗೆಂದು ಯಿನ್‌ಝಿಹುಆಂಗ್ ಇಂಜೆಕ್ಷನ್ ಪಡೆದ ನವಜಾತ ಶಿಶುಗಳು ಅಸ್ವಸ್ಥಗೊಂಡು ಒಂದು ಕೂಸು ಸತ್ತಿತು. ಅದನ್ನು ನವಜಾತ ಶಿಶುಗಳಿಗೂ ಹಸುಳೆಗಳಿಗೂ ಕೊಡಬಾರದೆಂದು ಚೀಟಿಯಲ್ಲಿ ಬರೆಸಿದ್ದು 2016ರಲ್ಲಿ, ಎಂಟು ವರ್ಷ ಕಳೆದ ಮೇಲೆ. 2018ರಲ್ಲಿ ಚೈಹು ಇಂಜೆಕ್ಷನ್ ಮಕ್ಕಳಿಗೆ ಸಂಪೂರ್ಣ ನಿಷಿದ್ಧವಾಯಿತು. ಹತ್ತಾರು ವರ್ಷ ಚೀನಾದ ಊರೂರಿನ ಮಕ್ಕಳಿಗೆ ಜ್ವರ ಬಂದರೆ ಚುಚ್ಚುತ್ತಿದ್ದ ಔಷಧವದು. ಅದೇ ವರ್ಷ ಶ್ವಾಂಗ್‌ಹುಆಂಗ್‌ಲಿಯಾನ್ ಇಂಜೆಕ್ಷನ್ನನ್ನು ನಾಲ್ಕು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ನಿಷೇಧಿಸಿದರು. 'ಇಷ್ಟು ವರ್ಷ ಎಲ್ಲರೂ ಕೊಟ್ಟಿದ್ದಾರೆ, ಏನೂ ಆಗಿಲ್ಲ' ಎಂಬ ಮಾತಿಗೆ ಈ ಇಸವಿಗಳೇ ಉತ್ತರ. ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಆಗುವ ಅನಾಹುತವನ್ನು ಒಬ್ಬ ವೈದ್ಯರೋ ಒಂದು ಮನೆತನವೋ ತಮ್ಮ ಅನುಭವದಿಂದ ಗುರುತಿಸಲಾರರು. ಎಲ್ಲ ಆಸ್ಪತ್ರೆಗಳ ವರದಿ ಒಂದೆಡೆ ಸೇರಿದಾಗ ಮಾತ್ರ ಅದು ಕಾಣುತ್ತದೆ.

ಇಷ್ಟು ಓದಿ 'ನಮ್ಮ ಔಷಧ ಹಾಗಲ್ಲ' ಎಂದು ಸಮಾಧಾನ ಪಟ್ಟುಕೊಳ್ಳಲು ನಮಗೆ ಅವಕಾಶವಿಲ್ಲ. ಬಾಣಂತಿಯ ಕೋಣೆಯಲ್ಲಿ ಬಜೆ ತೇಯ್ದು ಕೂಸಿನ ನಾಲಿಗೆಗೆ ಸವರುವುದು ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇದೆ. ಬಜೆಯ ಒಡಹುಟ್ಟಿದ ಗಿಡ ಚೀನೀ ವೈದ್ಯದಲ್ಲೂ ಬಳಕೆಯಲ್ಲಿದೆ. ಭಾರತದಲ್ಲಿ ಬೆಳೆಯುವ ಬಗೆಯ ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಬಹಳ ಹೆಚ್ಚು. ಇಲಿಗಳಲ್ಲಿ ಅದು ಗಡ್ಡೆ ಹುಟ್ಟಿಸಿದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿತು. 2017ರಲ್ಲಿ ಎಫ್‌ಡಿಎ ಭಾರತದಲ್ಲಿ ತಯಾರಾದ ಕೂಸುಗಳ ಬಾಲಗುಟಿಯೊಂದರಲ್ಲಿ ಹೆಚ್ಚಿನ ಸೀಸವಿದೆ ಎಂದು ಎಚ್ಚರಿಸಿತು. 2004ರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತು. ಶಾಸ್ತ್ರಗ್ರಂಥದಲ್ಲಿ ಹೇಳಿದಂತೆ ತಯಾರಿಸಿದ ಔಷಧಕ್ಕೆ ನಮ್ಮ ಕಾನೂನು, ವಿಷದ್ರವ್ಯಗಳ ಪಟ್ಟಿಯಲ್ಲಿರುವ ಘಟಕ ಇಲ್ಲದಿದ್ದರೆ, ಹೊಸದಾಗಿ ಸುರಕ್ಷತೆಯ ಅಧ್ಯಯನ ಕೇಳುವುದಿಲ್ಲ. ಖಾಲಿ ಸಾಲುಗಳಿಗೆ ಚೀನಾ ಹಾಕಿದಂಥ ಗಡುವು ನಮಗೂ ಬೇಕು.

'ಇಂಗ್ಲಿಷ್ ಔಷಧದಲ್ಲಿ ಸಾವಾಗಿಲ್ಲವೇ' ಎಂಬ ಪ್ರಶ್ನೆ ಬರುತ್ತದೆ, ಬರಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದು ಕ್ಷಮಿಸಲಾಗದ ಅಪರಾಧ. ಅಲ್ಲಿ ಸೋತದ್ದು ತಪಾಸಣೆ. ಆದರೂ ಆ ಸಿರಪ್ಪಿನಲ್ಲಿ ಏನಿರಬೇಕಿತ್ತು ಎಂಬ ಲಿಖಿತ ಮಾನದಂಡವಿತ್ತು; ಆದ್ದರಿಂದಲೇ ಪ್ರಯೋಗಾಲಯಕ್ಕೆ ಬಾಟಲಿ ಹೋದ ಕೂಡಲೇ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ ಶೇಕಡಾ 48.6ರಷ್ಟಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಹದಿನೈದು ಮೂಲಿಕೆಗಳ ಪುಡಿಯೊಂದರಲ್ಲಿ ಯಾವುದು ಎಷ್ಟಿರಬೇಕೆಂದೇ ಬರೆದಿಲ್ಲದಿದ್ದರೆ ತಪ್ಪು ಹಿಡಿಯುವುದು ಹೇಗೆ?

ಚೀನೀ ಮೂಲಿಕೆಯಿಂದ ಮಕ್ಕಳಿಗೆ ಆದ ಅತಿ ದೊಡ್ಡ ಉಪಕಾರವನ್ನು ಹೇಳದೆ ಈ ಲೇಖನ ನ್ಯಾಯವಾಗಿರುವುದಿಲ್ಲ. ಚೀನಾದ ವಿಜ್ಞಾನಿ ಟು ಯುಯು ಅವರ ತಂಡ ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಬರೆದಿಟ್ಟ ಸೂಚನೆಯ ಜಾಡು ಹಿಡಿದು, 1971ರಲ್ಲಿ ಛಿಂಗ್‌ಹಾವೊ ಎಂಬ ಗಿಡದಿಂದ ಮಲೇರಿಯಾ ವಿರುದ್ಧ ಕೆಲಸ ಮಾಡುವ ಸಾರ ತೆಗೆಯಿತು. ಅದೇ ಮುಂದೆ ಆರ್ಟೆಮಿಸಿನಿನ್ ಆಯಿತು; 2015ರಲ್ಲಿ ಅವರಿಗೆ ನೊಬೆಲ್ ಬಂತು. ಆಫ್ರಿಕಾದಲ್ಲಿ ಮಲೇರಿಯಾದಿಂದ ಸಾಯುವವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಅವರಿಗಾಗಿ ನೀರಿನಲ್ಲಿ ಕರಗುವ, ಚೆರ್ರಿ ಹಣ್ಣಿನ ರುಚಿಯ, ಆರ್ಟೆಮಿಸಿನಿನ್ ಮೂಲದ ಕೋಆರ್ಟೆಮ್ ಮಾತ್ರೆ 2009ರಲ್ಲಿ ಬಂತು, ಐದು ಕಿಲೋ ಮೇಲ್ಪಟ್ಟ ತೂಕದ ಮಕ್ಕಳಿಗೆ.

ಐದು ಕಿಲೋಗಿಂತ ಕಡಿಮೆ ತೂಗುವ ಕೂಸುಗಳಿಗೆ? ಅವಕ್ಕೂ ಅದೇ ಮಾತ್ರೆಯನ್ನು 'ಸೂಕ್ತವಾಗಿ ಕಡಿಮೆ ಮಾಡಿ' ಕೊಡುತ್ತಿದ್ದರು. ಸಂಶೋಧಕರು ಅಷ್ಟಕ್ಕೆ ಬಿಡಲಿಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿ ಆ ಪುಟ್ಟ ಕೂಸುಗಳ ರಕ್ತದಲ್ಲಿ ಔಷಧದ ಮಟ್ಟ ಅಳೆದು, ಅವುಗಳ ಯಕೃತ್ತು ಇದನ್ನು ಬೇರೆಯೇ ರೀತಿಯಲ್ಲಿ ನಿರ್ವಹಿಸುತ್ತದೆಂದು ಕಂಡು, ಮಾತ್ರೆಯಲ್ಲಿರುವ ಎರಡು ಔಷಧಗಳ ಪರಸ್ಪರ ಅನುಪಾತವನ್ನೇ ಬದಲಿಸಿದರು. 2025ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ನಿಯಂತ್ರಕರು ಎರಡರಿಂದ ಐದು ಕಿಲೋ ತೂಕದ ಶಿಶುಗಳಿಗೆಂದೇ ಕೋಆರ್ಟೆಮ್ ಬೇಬಿಗೆ ಒಪ್ಪಿಗೆ ಕೊಟ್ಟರು. ಗಿಡದ ಸಾರ ತೆಗೆದ ಮೇಲೆ ಆ ಒಂದು ಸಾಲು ಭರ್ತಿಯಾಗಲು ಐವತ್ತನಾಲ್ಕು ವರ್ಷ ಬೇಕಾಯಿತು. ಒಂದು ಮೂಲಿಕೆಗೆ ಇಷ್ಟು ಗೌರವ ಕೊಟ್ಟು, ಇಷ್ಟು ತಾಳ್ಮೆಯಿಂದ ಮಗುವಿನ ಅಳತೆಗೆ ತಂದದ್ದನ್ನು ನಾನು ಪರಂಪರೆಗೆ ಸಲ್ಲಿಸಿದ ನಿಜವಾದ ಸೇವೆ ಎನ್ನುತ್ತೇನೆ.

ಮನೆಯಲ್ಲಿ ಮಗು ಇರುವವರಿಗೆ ಕೆಲವು ನೇರ ಮಾತು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಿನ ಹೊರತು ಕಷಾಯ, ಪುಡಿ, ಗುಟಿ, ಮೂಲಿಕೆಯ ನೀರು ಯಾವುದೂ ಬೇಡ, ಅದು ಯಾವ ದೇಶದ್ದೇ ಇರಲಿ. ಕಾಮಾಲೆಯ ಕೂಸನ್ನು ಆಸ್ಪತ್ರೆಗೆ ಒಯ್ಯಿರಿ; ನೀಲಿ ಬೆಳಕಿನ ಚಿಕಿತ್ಸೆ ಸುಲಭ, ತಡವಾದರೆ ಆಗುವ ಹಾನಿ ಸರಿಯಾಗದು. ದೊಡ್ಡ ಮಗುವಿಗೆ ಅರ್ಹ ವೈದ್ಯರ ಕೈಯಲ್ಲೇ ಚೀನೀ ಔಷಧ ಕೊಡಿಸುತ್ತಿದ್ದರೆ ಪ್ರತಿ ಮೂಲಿಕೆಯ ಹೆಸರು ಮತ್ತು ತೂಕವನ್ನು ಬರಹದಲ್ಲಿ ಕೇಳಿ. ಕೊಡಲೊಪ್ಪದವರಿಂದ ಔಷಧ ಬೇಡ. ಮೂಲಿಕೆಯದೆನ್ನುವ ಕ್ರೀಮು ನಾಲ್ಕೇ ದಿನದಲ್ಲಿ ಪವಾಡ ತೋರಿಸಿದರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಲಿ, ಮತ್ತು ತಿಂಗಳುಗಟ್ಟಲೆ ಹಚ್ಚಿದ್ದನ್ನು ವೈದ್ಯರಿಗೆ ತಿಳಿಸದೆ ಏಕಾಏಕಿ ನಿಲ್ಲಿಸಬೇಡಿ. ಮೂಲಿಕೆಯ ಇಂಜೆಕ್ಷನ್ ಮಗುವಿಗೆ ಬೇಡವೇ ಬೇಡ. ಮಂಪರು, ನಡುಕ, ನಿಲ್ಲದ ವಾಂತಿ, ಹಳದಿ ಕಣ್ಣು, ಗಾಢ ಬಣ್ಣದ ಮೂತ್ರ ಕಂಡರೆ ತಕ್ಷಣ ಹೊರಡಿ, ಹೊರಡುವಾಗ ಪೊಟ್ಟಣವನ್ನೂ ಉಳಿದ ಕಷಾಯವನ್ನೂ ಜೊತೆಗೆ ತೆಗೆದುಕೊಳ್ಳಿ. ಏನು ಕೊಟ್ಟಿದ್ದೀರಿ ಎಂದು ವೈದ್ಯರು ಕೇಳಿದಾಗ, ಬೈದಾರೆಂಬ ಅಂಜಿಕೆಯಿಂದ 'ಏನೂ ಇಲ್ಲ' ಎನ್ನಬೇಡಿ. ಬೈಸಿಕೊಂಡರೂ ಪರವಾಗಿಲ್ಲ, ಎಲ್ಲವನ್ನೂ ಹೇಳಿ. ಮಗುವಿನ ಚಿಕಿತ್ಸೆ ಅಲ್ಲಿಂದ ಶುರುವಾಗುತ್ತದೆ.